ತುದಿಯ ಅನ್ನ

ನಮ್ಮ ವಿಭಾಗದಲ್ಲಿ ನನಗೆ ಒಂದು ಡಜನ್ ಅಪ್ಪಂದಿರಿದ್ದರು. ಅಮ್ಮಂದಿರು ಸ್ವಲ್ಪ ಕಮ್ಮಿ. ಜಾವಾದಲ್ಲಿ ಮೇಷ್ಟ್ರನ್ನು ಸರ್ ಅನ್ನುವ ಪದ್ಧತಿಯಿಲ್ಲ. ಗಂಡಸಾದರೆ ಬಪಕ್, ಅಂದರೆ ಅಪ್ಪ. ಹೆಂಗಸಾದರೆ ಇಬು, ಅಂದರೆ ಅಮ್ಮ. ಎದುರು ಸಿಕ್ಕರೆ ಬಗ್ಗಿ, ಅವರ ಬಲಗೈ ಹಿಡಿದು ನಮ್ಮ ಹಣೆಗೆ ಒತ್ತಿಕೊಳ್ಳಬೇಕು. ಒತ್ತಿಕೊಳ್ಳದವರು ಸಂಸ್ಕಾರವಿಲ್ಲದ ಮಕ್ಕಳು.

ಈ ಅಪ್ಪಂದಿರಲ್ಲಿ ಒಬ್ಬ ನನ್ನ ಮೈಮೇಲೆ ಕೈ ಹಾಕಿದ. ನಾನು ದೂರು ಕೊಟ್ಟೆ. ಇಡೀ ವಿಶ್ವವಿದ್ಯಾಲಯಕ್ಕೆ ಆಘಾತವಾಯಿತು. ಮಗಳಾದವಳು ಅಪ್ಪನ ಮೇಲೆ ದೂರು ಕೊಡುವುದೇ? ಅವನು ಮಾಡಿದ್ದರ ಬಗ್ಗೆ ಆಘಾತ ಪಡಲು ಯಾರಿಗೂ ಪುರಸೊತ್ತಾಗಲಿಲ್ಲ.

ನನ್ನ ಹೆಸರು ವುರ್ಯಾನಿ. ನನ್ನ ನಿಜವಾದ ಅಪ್ಪ ಮೀನಿಗೆ ಹೋದವರು ತಿರುಗಿ ಬರಲಿಲ್ಲ. ಆಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಹೆತ್ತ ಅಮ್ಮನನ್ನು ನಾನು ಮಾಕ್ ಅನ್ನುತ್ತೇನೆ, ಕಾಲೇಜಿನ ಅಮ್ಮಂದಿರ ಜೊತೆ ಗೊಂದಲ ಬೇಡ. ಮಾಕ್ ಕ್ಯಾಂಪಸ್ಸಿನ ಹಿಂದಿನ ಗಲ್ಲಿಯಲ್ಲಿ ಅಡುಗೆ ಮಾಡಿ ಮಾರುತ್ತಾಳೆ. ಆ ಒಲೆಯ ಹೊಗೆ ಕುಡಿದೇ ನಾನು ಬೆಳೆದೆ, ಅದೇ ಕ್ಯಾಂಪಸ್ಸಿಗೆ ಸೇರಿದೆ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಕೊನೆಯ ವರ್ಷದ ಪ್ರಬಂಧದ ಮೌಖಿಕ ಪರೀಕ್ಷೆಯ ದಿನ, ವಿದ್ಯಾರ್ಥಿಗಳೇ ಪರೀಕ್ಷಕರಿಗೆ ತಿಂಡಿ ಒಯ್ಯಬೇಕು. ಯಾವ ನಿಯಮದಲ್ಲೂ ಹಾಗೆ ಬರೆದಿಲ್ಲ. ಒಯ್ಯಬಾರದು ಎಂಬ ಸುತ್ತೋಲೆಯನ್ನೇ ಗೋಡೆಗೆ ಅಂಟಿಸಿದ್ದಾರೆ. ಅದರ ಕೆಳಗಿನ ಮೇಜಿನ ಮೇಲೆ ತಿಂಡಿ ಡಬ್ಬಿಗಳನ್ನು ಜೋಡಿಸುತ್ತೇವೆ. ಆ ಡಬ್ಬಿಗಳಲ್ಲಿ ಬಹುಪಾಲು ನಮ್ಮ ಮನೆಯವು. ಬೆಳಗಿನ ಜಾವ ಎದ್ದು ಅಂಟಕ್ಕಿಯ ಅನ್ನವನ್ನು ಬಾಳೆ ಎಲೆಯಲ್ಲಿ ಸುತ್ತುತ್ತಿದ್ದೆ. ಪಲ್ಯ ತುಂಬಿದ ಸುರುಳಿಗಳನ್ನು ಕರಿಯುತ್ತಿದ್ದೆ. ಎಣ್ಣೆ ಸಿಡಿದು ಮುಂಗೈ ತುಂಬ ಕಲೆ. ತಲೆವಸ್ತ್ರ ಎಷ್ಟು ಒಗೆದರೂ ವಾಸನೆ ಹೋಗದು. ತರಗತಿಯಲ್ಲಿ ಪಕ್ಕದ ಹುಡುಗಿಯರು ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದರು. ಅವರದೇ ಪರೀಕ್ಷೆಯ ದಿನ ನನ್ನ ಹತ್ತಿರವೇ ಡಬ್ಬಿ ಕೊಳ್ಳುತ್ತಿದ್ದರು.

ನನ್ನ ಪ್ರಬಂಧ ಮೀನು ಒಣಗಿಸುವ ಹೆಂಗಸರ ಕೂಲಿಯ ಬಗ್ಗೆ. ಮಾರ್ಗದರ್ಶಕರು ಬಪಕ್ ಹರ್ಸೊಯೊ. ದುಡಿಯುವ ಹೆಂಗಸರ ಬಗ್ಗೆ ಅವರಷ್ಟು ತಿಳಿದವರು ಈ ಕರಾವಳಿಯಲ್ಲೇ ಇಲ್ಲವಂತೆ. ಪ್ರತಿ ವರ್ಷ ಮಹಿಳಾ ದಿನಕ್ಕೆ ಅವರದೇ ಭಾಷಣ. ಭಾಷಣದ ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ, ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಅವರ ರುಜು ಇಲ್ಲದೆ ನನಗೆ ಮೌಖಿಕ ಪರೀಕ್ಷೆ ಇಲ್ಲ. ಅದು ಆಗದೆ ಪದವಿ ಇಲ್ಲ. ನನ್ನ ವಿದ್ಯಾರ್ಥಿವೇತನ ಈ ಸೆಮಿಸ್ಟರಿಗೆ ಮುಗಿಯುತ್ತದೆ. ಇದು ನನಗೆ ಗೊತ್ತಿದ್ದಷ್ಟೇ ಚೆನ್ನಾಗಿ ಅವರಿಗೂ ಗೊತ್ತಿತ್ತು.

ಅವತ್ತು ಮಧ್ಯಾಹ್ನ ತಿದ್ದುಪಡಿ ತೋರಿಸಲು ಕೋಣೆಗೆ ಹೋದೆ.

"ಬಾಗಿಲು ಹಾಕಮ್ಮ, ಎ.ಸಿ. ತಂಪೆಲ್ಲ ಹೊರಗೆ ಹೋಗುತ್ತೆ," ಅಂದರು.

ಹಾಕಿದೆ. ಬಗ್ಗಿ ಅವರ ಕೈಯನ್ನು ಹಣೆಗೊತ್ತಿಕೊಂಡೆ. ನಾನು ಬಿಟ್ಟೆ, ಅವರು ಬಿಡಲಿಲ್ಲ. ಇಲ್ಲಿಂದ ಮುಂದೆ ಅವನು ಅನ್ನುತ್ತೇನೆ, ಸಂಸ್ಕಾರವಂತರು ಕ್ಷಮಿಸಬೇಕು.

ಅವನು ಎಳೆದುಕೊಂಡ. ಕುತ್ತಿಗೆಗೆ ಮೂಗಿಟ್ಟ. "ನಿನ್ನ ಮೈಯೆಲ್ಲ ಕರಿದ ವಾಸನೆ ಕಣೇ, ಹಸಿವಾಗುತ್ತೆ," ಅಂದ. ಕಿರುಚಲು ಬಾಯಿ ತೆರೆದೆ, ಎಡಗೈ ಬಾಯಿಗೆ ಒತ್ತಿ ಹಿಡಿದ. ಬಲಗೈ ಅಂಗಿಯೊಳಗೆ ಹೋಯಿತು. ನಾನು ಮೊಣಕೈಯಿಂದ ತಿವಿದೆ, ಕುರ್ಚಿ ಬಿತ್ತು, ಓಡಿದೆ. ಮನೆಗೆ ಬಂದು ತಣ್ಣೀರು ಸುರಿದುಕೊಂಡೆ. ಸೋಪು ಮುಗಿಯುವವರೆಗೆ ಕುತ್ತಿಗೆ ಉಜ್ಜಿದೆ. ಮಾಕ್ ಕೇಳಿದಳು. ಸೆಖೆ ಅಂದೆ.

ಇಂಥದಕ್ಕೆಂದೇ ನಮ್ಮಲ್ಲಿ ಒಂದು ಸಮಿತಿ ಇದೆ. ಎರಡನೆಯ ಮಹಡಿಯಲ್ಲಿ ಕೋಣೆ, ಗೋಡೆಗೆ ತಿಳಿ ನೇರಳೆ ಬಣ್ಣ, ಅಳುವವರಿಗೆ ಟಿಶ್ಯೂ ಡಬ್ಬಿ. ಬಾಗಿಲ ಮೇಲೆ 'ಧೈರ್ಯವಾಗಿ ಮಾತಾಡಿ' ಎಂಬ ಫಲಕ. ಧೈರ್ಯವಾಗಿ ಮಾತಾಡಲು ನಾನು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹೊರಗಿನ ಬೆಂಚಿನ ಮೇಲೆ ಕೂತೆ. ಮೂವರು ಸದಸ್ಯರೂ ಊಟಕ್ಕೆ ಹೋಗಿದ್ದರು. ಬಂದವರು ಹಲ್ಲುಕಡ್ಡಿ ಆಡಿಸುತ್ತಲೇ ಕೇಳಿದರು.

"ಏನು ಹಾಕ್ಕೊಂಡಿದ್ದೆ?"

"ಉದ್ದ ತೋಳಿನ ಅಂಗಿ. ಉದ್ದ ಲಂಗ. ತಲೆವಸ್ತ್ರ."

ಬರೆದುಕೊಳ್ಳುತ್ತಿದ್ದವರಿಗೆ ನಿರಾಸೆಯಾಯಿತು. "ಲಂಗ ಬಿಗಿಯಾಗಿತ್ತಾ?"

"ಇಲ್ಲ."

"ಕಿರುಚಿದ್ಯಾ?"

"ಆಗ್ಲಿಲ್ಲ. ಅವರ ಕೈ ನನ್ನ ಬಾಯಿ ಮೇಲಿತ್ತು."

"ಯಾವ ಕೈ?"

"ಎಡಗೈ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಎಡಗೈನಾ? ಛೆ, ಸಾಧ್ಯವೇ ಇಲ್ಲಮ್ಮ. ಬಪಕ್ ಹರ್ಸೊಯೊ ಎಂಥ ಸಂಪ್ರದಾಯಸ್ಥರು! ಎಡಗೈಯಲ್ಲಿ ಒಂದು ಕಾಗದ ಸಹ ಕೊಡೋರಲ್ಲ."

ನನಗೆ ನಗು ಬಂತು. ಅದನ್ನೂ ಬರೆದುಕೊಂಡರು: ದೂರುದಾರಳು ನಕ್ಕಳು.

"ಅವರು ತಂದೆ ಥರ ಮುಟ್ಟಿರಬಹುದಲ್ವಾ? ನೀನೇ ತಪ್ಪು ತಿಳ್ಕೊಂಡಿರಬಹುದಲ್ವಾ?" ಅಂತ ಹೆಂಗಸೊಬ್ಬರು ಬಹಳ ಮೃದುವಾಗಿ ಕೇಳಿದರು.

"ನಿಮ್ಮ ತಂದೆ ನಿಮ್ಮನ್ನ ಹಾಗೆ ಮುಟ್ತಾರಾ, ಇಬು?"

ಪೆನ್ನು ನಿಂತಿತು. ದೂರುದಾರಳ ಭಾಷೆ ಒರಟು ಎಂದು ಬರೆದು ಅಡಿಗೆರೆ ಎಳೆದರು. ವಿಚಾರಣೆ ಮುಗಿಯಿತು.

ಆಮೇಲೆ ಡೀನ್ ಕರೆಸಿದರು. ಇಬು ಸುಮರ್ತಿ. ರೇಷ್ಮೆಯ ತಲೆವಸ್ತ್ರ, ಅದಕ್ಕೊಂದು ಮುತ್ತಿನ ಪಿನ್ನು. ಕೈಯಾರೆ ಚಹಾ ಕೊಟ್ಟರು, ಸಕ್ಕರೆ ಜಾಸ್ತಿ ಹಾಕಿದ್ದರು.

"ನಾನೂ ಹೆಣ್ಣೇ, ಮಗಳೇ. ನನಗೆ ಅರ್ಥ ಆಗುತ್ತೆ."

ದೊಡ್ಡವರು ಅರ್ಥ ಆಗುತ್ತೆ ಅಂದರೆ ಮುಂದೆ ಏನನ್ನೋ ಕೇಳುತ್ತಾರೆ. ಕಾದೆ.

"ನಾವೆಲ್ಲ ಒಂದೇ ಕುಟುಂಬ. ಮನೆ ಮಾತು ಮನೆಯಲ್ಲೇ ಮುಗಿಸೋಣ. ಬಪಕ್ ನಿನ್ನನ್ನ ಕ್ಷಮಿಸೋಕೆ ತಯಾರಿದ್ದಾರೆ."

"ಅವರು? ನನ್ನನ್ನ?"

"ದೊಡ್ಡ ಮನಸ್ಸು ಅವರದು. ಮೊನ್ನೆ ನನ್ನೆದುರು ಅತ್ತುಬಿಟ್ರು ಪಾಪ."

ಯೋಜನೆ ಸಿದ್ಧವಾಗಿತ್ತು. ವಿಭಾಗದ ಸಭಾಂಗಣದಲ್ಲಿ ಒಂದು ಪ್ರಾರ್ಥನೆ, ಒಂದು ಊಟ. ಮಧ್ಯೆ ತುಂಪೆಂಗ್, ಅರಿಶಿನ ಮತ್ತು ತೆಂಗಿನ ಹಾಲಿನಲ್ಲಿ ಬೇಯಿಸಿ ಗೋಪುರದ ಹಾಗೆ ನಿಲ್ಲಿಸಿದ ಅನ್ನ. ಅದರ ತುದಿಯನ್ನು ಕುಯ್ದು, ಅಲ್ಲಿರುವವರಲ್ಲಿ ಎಲ್ಲರಿಗಿಂತ ಗೌರವಸ್ಥರಿಗೆ ಮೊದಲು ಕೊಡಬೇಕು. ಆ ತುತ್ತು ಅವರ ಬಾಯಿಗೆ ಹೋದ ಮೇಲೆಯೇ ಉಳಿದವರ ಊಟ. ಈ ಸಲ ಕುಯ್ಯುವವಳು ನಾನು. ತೆಗೆದುಕೊಳ್ಳುವವರು ಬಪಕ್ ಹರ್ಸೊಯೊ. ಕೊಟ್ಟು, ಕೈಯನ್ನು ಹಣೆಗೊತ್ತಿಕೊಂಡು, ದೂರು ವಾಪಸ್ಸಿಗೆ ರುಜು ಹಾಕಿದರೆ ಮುಂದಿನ ವಾರ ಮೌಖಿಕ ಪರೀಕ್ಷೆ.

"ಇಲ್ಲ ಅಂದ್ರೆ, ಇಬು?"

"ಅಯ್ಯೋ, ಇಲ್ಲ ಅಂತ ಯಾಕೆ ಯೋಚಿಸ್ತೀಯ? ಬೇರೆ ಮಾರ್ಗದರ್ಶಕರು ಎಲ್ಲಿ ಸಿಗ್ತಾರೆ ಹೇಳು. ಮೀನು ಒಣಗಿಸೋ ಹೆಂಗಸರ ಬಗ್ಗೆ ಬೇರೆ ಯಾರಿಗೆ ಗೊತ್ತಿದೆ?"

ನನ್ನ ಚಿಕ್ಕಮ್ಮಂದಿರೆಲ್ಲ ಮೀನು ಒಣಗಿಸುವವರೇ. ಅವರು ಲೆಕ್ಕಕ್ಕಿಲ್ಲ.

ಹ್ಞೂಂ ಅಂದೆ. ನನಗೆ ಪದವಿ ಬೇಕಿತ್ತು. ಬದುಕಿಡೀ ಬಾಣಲೆ ಮುಂದೆ ನಿಲ್ಲಲು ನನಗೆ ಇಷ್ಟವಿರಲಿಲ್ಲ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ಇಬು ಸುಮರ್ತಿ ನನ್ನ ಕೆನ್ನೆ ತಟ್ಟಿ, ಜಾಣೆ ಅಂದರು.

ಅವರು ಒಂದು ಎಡವಟ್ಟು ಮಾಡಿದ್ದರು. ವಿಭಾಗದಲ್ಲಿ ಯಾವ ಊಟವಿದ್ದರೂ ಆಫೀಸಿನವರು ಮಾಮೂಲಿನಂತೆ ಮಾಕ್‌ಗೇ ಹೇಳುತ್ತಾರೆ. ಈ ಸಲವೂ ಹಾಗೇ ಹೇಳಿದರು. ಅಡುಗೆಯವಳಿಗೆ ಒಬ್ಬ ಮಗಳಿರಬಹುದು, ಆ ಮಗಳಿಗೊಂದು ಹೆಸರಿರಬಹುದು ಎಂದು ಆಫೀಸಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಮಾಕ್ ಹಿಗ್ಗಿದ್ದಳು. ಬಾಗಿಲಲ್ಲೇ ನನ್ನ ಕೈ ಹಿಡಿದು, "ದೊಡ್ಡ ತುಂಪೆಂಗ್ ಹೇಳವ್ರೆ ಕಣೇ! ಕುಟುಂಬದ ಒಗ್ಗಟ್ಟಿನ ಊಟವಂತೆ. ನಾಲ್ಕು ಕೋಳಿ!" ಅಂದಳು. ನಾನು ಬಟ್ಟೆ ಬದಲಾಯಿಸಲು ಒಳಗೆ ಹೋದೆ. ಹೇಳಲಾಗಲಿಲ್ಲ.

ಊಟದ ದಿನ ಬೆಳಗಿನ ಜಾವಕ್ಕೆ ಒಲೆ ಹಚ್ಚಿದೆವು. ನಾನು ತೆಂಗಿನಕಾಯಿ ತುರಿದೆ, ಹಿಂಡಿದೆ, ಮತ್ತೆ ತುರಿದೆ. ಭುಜ ಹಿಡಿದುಕೊಂಡಿತು. ಅರಿಶಿನದಲ್ಲಿ ಉಗುರುಗಳು ಹಳದಿಯಾದವು. ಬೇಯುತ್ತಿದ್ದ ಅನ್ನದ ಹಬೆಗೆ ಕಣ್ಣು ಉರಿಯುತ್ತಿತ್ತು. ಬಿದಿರಿನ ಚೂಪು ಬುಟ್ಟಿಗೆ ಸುಡುಸುಡು ಅನ್ನ ತುಂಬಿ, ಗಾಳಿ ಉಳಿಯದ ಹಾಗೆ ಒತ್ತಬೇಕು. ಸಡಿಲವಾದರೆ ಗೋಪುರ ಕುಸಿಯುತ್ತದೆ. ಅಂಗೈ ಸುಡುತ್ತಿದ್ದರೂ ಒತ್ತಿದೆ. ಒತ್ತುತ್ತಲೇ ಮಾಕ್‌ಗೆ ಹೇಳಿದೆ. ಎಲ್ಲವನ್ನೂ. ಬಾಗಿಲು, ಎಡಗೈ, ಬಲಗೈ, ಸಮಿತಿ, ಚಹಾ. ಅವಳು ಕೋಳಿಗೆ ಮಸಾಲೆ ಸವರುತ್ತಿದ್ದಳು. ಸವರುವುದನ್ನು ನಿಲ್ಲಿಸಲಿಲ್ಲ.

"ಆ ಹರ್ಸೊಯೊನಾ? ಶೇಂಗಾ ತಿಂದ್ರೆ ಆಗಲ್ಲ ಅಂತಾನಲ್ಲ, ಅವ್ನೇನಾ?"

"ಹ್ಞೂಂ."

"ಅವ್ನ ಡಬ್ಬಿಗೆ ಬೇರೆ ಮಾಡಿ ಇಡ್ತಿದ್ದೆನಲ್ಲೇ ನಾನು. ಪ್ರತಿ ಸಲ. ಪಾಪ ಅಂತ."

ಕೋಳಿಯನ್ನು ಕೆಂಡದ ಮೇಲಿಟ್ಟಳು. ಆಮೇಲೆ ಕೇಳಿದಳು:

"ತುದಿ ಅವ್ನಿಗೇ ಕೊಡ್ಬೇಕಾ?"

"ಹ್ಞೂಂ."

"ಕೈ ಹಣೆಗೊತ್ಕೋಬೇಕಾ?"

"ಹ್ಞೂಂ, ಮಾಕ್. ಇಲ್ಲಾಂದ್ರೆ ಪರೀಕ್ಷೆ ಇಲ್ಲ."

"ಅನ್ನಕ್ಕೆ ವಿಷ ಹಾಕ್ಲಾ?"

ನಾನು ಬೆಚ್ಚಿ ನೋಡಿದೆ. ಅವಳು ನಗುತ್ತಿರಲಿಲ್ಲ. ಆಮೇಲೆ ಅವಳೇ ತಲೆಯಾಡಿಸಿದಳು. "ಬ್ಯಾಡ. ಅನ್ನ ಏನು ತಪ್ಪು ಮಾಡೈತೆ." ಕೆಂಡಕ್ಕೆ ಗಾಳಿ ಹಾಕಲು ಬೀಸಣಿಗೆ ತೆಗೆದುಕೊಂಡಳು. "ನೀನು ಏನಾರ ಮಾಡ್ಕೋ ಮಗಾ. ಕೊಟ್ರೂ ನನ್ ಮಗಳೇ, ಕೊಡದಿದ್ರೂ ನನ್ ಮಗಳೇ. ಬೆಳಗ್ಗಿಂದ ಏನೂ ತಿಂದಿಲ್ಲ, ಒಂದು ತುತ್ತು ತಿನ್ನು."

ಆಮೇಲೆ ತಿನ್ನುತ್ತೇನೆ ಅಂದೆ.

ಬಿದಿರಿನ ಮೊರದಂಥ ದೊಡ್ಡ ತಟ್ಟೆಯಲ್ಲಿ ಗೋಪುರ ನಿಲ್ಲಿಸಿ, ಸುತ್ತ ಕೋಳಿ, ಮೊಟ್ಟೆ, ಕಾಯಿತುರಿ ಹಾಕಿದ ಸೊಪ್ಪು ಜೋಡಿಸಿ, ಇಬ್ಬರೂ ಹಿಡಿದುಕೊಂಡು ಮೆಟ್ಟಿಲು ಹತ್ತಿದೆವು. ಲಿಫ್ಟು ಇದೆ, ಆದರೆ ಅಡುಗೆ ಸಾಮಾನಿಗೆ ಬಿಡುವುದಿಲ್ಲ. ಮಾಕ್‌ಳನ್ನು ಸಭಾಂಗಣದ ಬಾಗಿಲಲ್ಲೇ ನಿಲ್ಲಿಸಿದರು. ನನ್ನನ್ನು ಒಳಗೆ ಕರೆದರು. ಇವರಿಬ್ಬರೂ ತಾಯಿ ಮಗಳೇ ಎಂದು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಒಳಗೆ 'ನಾವೆಲ್ಲ ಒಂದೇ ಕುಟುಂಬ' ಎಂಬ ಬ್ಯಾನರು. ಅಪ್ಪಂದಿರೆಲ್ಲ ಬಾಟಿಕ್ ಅಂಗಿಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಬಡಿಸಲು ಎರಡನೆಯ ವರ್ಷದ ಹುಡುಗಿಯರನ್ನು ಕರೆಸಿದ್ದರು. ನೀರಿನ ಲೋಟಗಳ ತಟ್ಟೆ ಹಿಡಿದು ಕೊನೆಯಲ್ಲಿ ನಿಂತವಳು ತಿತಿಸ್. ಹರ್ಸೊಯೊನ ತರಗತಿಗೆ ಬರುವುದನ್ನು ಇದ್ದಕ್ಕಿದ್ದಂತೆ ಬಿಟ್ಟವಳು. ಯಾಕೆ ಬಿಟ್ಟೆ ಎಂದು ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯ ನನಗಂತೂ ಇರಲಿಲ್ಲ.

ಭಾಷಣಗಳಾದವು. ಕುಟುಂಬ ಎಂಬ ಮಾತು ಎಷ್ಟು ಸಲ ಬಂತೆಂದರೆ ಯಾರೋ ಮದುವೆ ಮಾಡಿಸುತ್ತಿದ್ದಾರೇನೋ ಅನ್ನಿಸಿತು. ಹರ್ಸೊಯೊ ಎದ್ದು, "ನನ್ನ ಮನಸ್ಸಿನಲ್ಲಿ ಯಾವ ದ್ವೇಷವೂ ಇಲ್ಲ. ಹುಡುಗಿ ಚಿಕ್ಕವಳು. ಮಕ್ಕಳು ತಪ್ಪು ಮಾಡ್ತಾರೆ, ತಂದೆಯಾದವನು ನುಂಗಿಕೋಬೇಕು," ಎಂದು ಕನ್ನಡಕ ತೆಗೆದ. ಕಣ್ಣೊರೆಸಿಕೊಂಡ. ಚಪ್ಪಾಳೆ ಬಿತ್ತು. ಪ್ರಾರ್ಥನೆ ಮಾಡಿಸಲು ಬಂದ ಹಿರಿಯರು ಉದ್ದುದ್ದ ಪ್ರಾರ್ಥನೆ ಮಾಡಿದರು. ಕೋಳಿಯ ವಾಸನೆಗೆ ಕೆಲವು ಅಪ್ಪಂದಿರು ಒಂದು ಕಣ್ಣು ತೆರೆದು ನೋಡುತ್ತಿದ್ದರು.

ಇಬು ಸುಮರ್ತಿ ನನ್ನ ಕೈಗೆ ಚಾಕು ಕೊಟ್ಟರು. ಅದಕ್ಕೊಂದು ಕೆಂಪು ರಿಬ್ಬನ್ನು ಕಟ್ಟಿದ್ದರು.

ತುದಿ ಕುಯ್ದೆ. ತಟ್ಟೆಗೆ ಹಾಕಿಕೊಂಡೆ. ಕೋಳಿಯ ಒಳ್ಳೆಯ ತುಂಡೊಂದನ್ನು ಪಕ್ಕಕ್ಕಿಟ್ಟೆ. ಅವನ ಮುಂದೆ ಹೋಗಿ ನಿಂತೆ. ಫೋಟೋದವನು ಮಂಡಿಯೂರಿದ. ಹರ್ಸೊಯೊ ಎಡಗೈಯನ್ನು ಬೆನ್ನ ಹಿಂದೆ ಮಡಿಸಿಕೊಂಡು, ಬಲಗೈ ಮುಂದೆ ಚಾಚಿದ. ಅಂಗೈ ಕೆಳಕ್ಕೆ, ಬೆರಳುಗಳು ಸಡಿಲ. ಸಾವಿರ ಹಣೆಗಳು ಬಂದು ತಾಗಿ ರೂಢಿಯಾಗಿದ್ದ ಕೈ. ಶುಭ್ರವಾಗಿತ್ತು. ಉಗುರು ಕತ್ತರಿಸಿ ಬಂದಿದ್ದ.

ಆ ಕೈ ನೋಡಿ ನನ್ನ ಕುತ್ತಿಗೆ ಉರಿಯಿತು. ಇಷ್ಟು ಹೊತ್ತು ನಾನು ಕೊಡುವವಳೇ ಆಗಿದ್ದೆ, ನಿಜ ಹೇಳುತ್ತೇನೆ. ಪದವಿ, ಕೆಲಸ, ಮಾಕ್‌ಗೊಂದು ಗಾಳಿಯಾಡುವ ಅಡುಗೆಮನೆ, ಎಲ್ಲವನ್ನೂ ಲೆಕ್ಕ ಹಾಕಿಕೊಂಡೇ ಬಂದಿದ್ದೆ. ಬಗ್ಗಬೇಕು ಅಷ್ಟೇ. ಬಗ್ಗಲು ಹೋದೆ. ಬೆನ್ನು ಬಗ್ಗಲಿಲ್ಲ.

ಅಲ್ಲೇ, ಅವನ ಮುಂದೆ, ಚಾಪೆಯ ಮೇಲೆ ಕೂತೆ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಬಲಗೈಯಿಂದ ತುದಿಯ ಅನ್ನ ಮುರಿದು ಬಾಯಿಗಿಟ್ಟೆ.

ಹರ್ಸೊಯೊನ ಕೈ ಗಾಳಿಯಲ್ಲೇ ಇತ್ತು.

"ಏ! ಏನ್ ಮಾಡ್ತಿದೀಯ? ಅದು ಬಪಕ್‌ಗೆ!" ಇಬು ಸುಮರ್ತಿಯ ಮುತ್ತಿನ ಪಿನ್ನು ನಡುಗಿತು.

ನನ್ನ ಬಾಯಿ ತುಂಬ ಅನ್ನ. ಉತ್ತರ ಸ್ವಲ್ಪ ತಡವಾಯಿತು. ಅಗಿದು, ನುಂಗಿ ಹೇಳಿದೆ:

"ಗೌರವಸ್ಥರಿಗೆ ಅಂದ್ರಲ್ಲ, ಇಬು. ಹುಡುಕಿದೆ. ಈ ಸಾಲಲ್ಲಿ ಯಾರೂ ಕಾಣಲಿಲ್ಲ. ಬೆಳಗಿನ ಜಾವದಿಂದ ಕಾಯಿ ತುರಿದವಳು ನಾನು, ಅನ್ನ ಒತ್ತಿದವಳು ನಾನು. ನಾನೇ ತಿಂದೆ."

"ಅವರು ನಿನಗೆ ತಂದೆ ಸಮಾನ!"

"ನನ್ನ ತಂದೆ ಸಮುದ್ರದಲ್ಲಿ ಹೋದ್ರು. ಅವರಿದ್ದಿದ್ರೆ ಈ ಕೈ ಇಷ್ಟು ಹೊತ್ತು ಇವರ ಭುಜಕ್ಕೆ ಅಂಟ್ಕೊಂಡಿರ್ತಿರಲಿಲ್ಲ. ಇದು ನನ್ನ ಅಂಗಿಯೊಳಗೆ ಬಂದ ಕೈ, ಇಬು. ಆ ಕಡೆ ಬೆನ್ನ ಹಿಂದೆ ಇಟ್ಕೊಂಡಿದಾರಲ್ಲ, ಅದು ನನ್ನ ಬಾಯಿ ಮುಚ್ಚಿದ ಕೈ. ಯಾವುದನ್ನ ಹಣೆಗೊತ್ಕೊಳ್ಳಲಿ, ನೀವೇ ಹೇಳಿ."

ಹರ್ಸೊಯೊ ಕೈಯನ್ನು ಇಳಿಸಿದ. ಎಲ್ಲಿಡಬೇಕೆಂದು ತೋಚದೆ ಕಿವಿ ಕೆರೆದುಕೊಂಡ.

ಇಬು ಸುಮರ್ತಿ ದೂರು ವಾಪಸ್ಸಿನ ಕಾಗದವನ್ನು ನನ್ನ ಮೂಗಿಗೇ ಹಿಡಿದರು. "ಮೊದಲು ಇದಕ್ಕೆ ರುಜು ಹಾಕು. ಈಗಲೇ!"

"ಕೈ ಎಂಜಲಾಗಿದೆ, ಇಬು."

"ಮುಂದಿನ ವಾರದ ಪರೀಕ್ಷೆ ಇಲ್ಲ ಅಂತ ತಿಳ್ಕೋ!"

"ತಿಳ್ಕೊಂಡೆ."

ಕೋಳಿಯ ತುಂಡನ್ನೂ ತಿಂದೆ. ಮಾಕ್ ಮಾಡಿದ ಕೋಳಿಯನ್ನು ಬಿಡುವವರು ಮೂರ್ಖರು.

ಮುಂದೆ ಏನಾಯಿತು ಅಂತೀರಿ? ಎಲ್ಲರೂ ಎದ್ದು ಹೋದರೆಂದು ನೀವು ತಿಳಿದಿದ್ದರೆ ನಮ್ಮ ಅಪ್ಪಂದಿರು ನಿಮಗೆ ಗೊತ್ತಿಲ್ಲ. ಅತ್ತಿತ್ತ ಪಿಸುಪಿಸು ನಡೆಯಿತು. ಯಾರೋ ಪ್ರಾರ್ಥನೆಯ ಹಿರಿಯರನ್ನು ಕೇಳಿದರು, ಈಗ ಊಟ ಮಾಡಬಹುದೋ, ಇಲ್ಲವೋ. ಅವರು ಗಡ್ಡ ನೀವಿಕೊಂಡು, "ತುದಿ ಯಾರದೋ ಹೊಟ್ಟೆಗೆ ಸೇರಿತಲ್ಲ. ಪದ್ಧತಿಗೆ ಲೋಪ ಬಂದಿಲ್ಲ," ಅಂದರು. ತಟ್ಟೆಗಳು ಮುಂದೆ ಬಂದವು. ಹರ್ಸೊಯೊ ಕೂಡ ತಿಂದ. ಶೇಂಗಾ ಹಾಕಿದೆಯೇ ಎಂದು ವಿಚಾರಿಸಿಕೊಂಡು ತಿಂದ.

ನೀರು ಕೊಡಲು ಬಂದ ತಿತಿಸ್‌ಗೆ ರೂಢಿಯಂತೆ ಬಲಗೈ ಚಾಚಿದ. ಅವಳ ಎರಡು ಕೈಯೂ ತಟ್ಟೆಯ ಮೇಲಿದ್ದವು. ತಟ್ಟೆಯನ್ನು ಕೆಳಗಿಟ್ಟು ಹಣೆಗೊತ್ತಿಕೊಳ್ಳಬಹುದಿತ್ತು. ಇಡಲಿಲ್ಲ. ಲೋಟ ಇಟ್ಟು ಮುಂದೆ ಹೋದಳು. ಅವಳ ಹಿಂದಿನವಳೂ ಹಾಗೇ ಹೋದಳು. ಅವಳ ಹಿಂದಿನವಳು ಸ್ವಲ್ಪ ಅನುಮಾನಿಸಿ, ಮುಂದೆ ಹೋದವರ ಬೆನ್ನು ನೋಡಿ, ತಾನೂ ಹೋದಳು.

ನಾನು ಹೊರಗೆ ಬಂದೆ. ಮಾಕ್ ಕಟ್ಟಡದ ಹಿಂದಿನ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಪಾತ್ರೆ ಉಜ್ಜುತ್ತಿದ್ದಳು. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಕೂತೆ. ನಾಲ್ಕು ವರ್ಷ ಓದಿದ್ದು, ಬಾಣಲೆ ಮುಂದೆ ನಿಂತುಕೊಂಡೇ ಪಾಠ ಉರುಹೊಡೆದದ್ದು, ಎಲ್ಲ ಒಂದು ತುತ್ತಿಗೆ ಹೋಗಿತ್ತು. ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು.

"ಅಳು," ಅಂದಳು ಮಾಕ್, ತೆಂಗಿನ ನಾರನ್ನು ನನ್ನ ಕೈಗೆ ತುರುಕುತ್ತ. "ಪಾತ್ರೆ ತೊಳೀತಾ ಅಳು. ಎರಡೂ ಆಗ್ತದೆ."

ಅಳುತ್ತ ಉಜ್ಜಿದೆ. ಹಂಡೆಯ ಮಸಿ ಸುಲಭಕ್ಕೆ ಬಿಡುವುದಿಲ್ಲ.

"ಅಕ್ಕಾ..."

ತಿತಿಸ್ ನಿಂತಿದ್ದಳು. ಏಪ್ರನ್ ಇನ್ನೂ ಬಿಚ್ಚಿರಲಿಲ್ಲ. ನಮ್ಮಿಬ್ಬರ ಮುಖ ನೋಡದೆ ನಲ್ಲಿಯನ್ನು ನೋಡುತ್ತ ಕೇಳಿದಳು:

"ಆ ಸಮಿತಿ ಕೋಣೆ ಯಾವ ಮಹಡೀಲಿದೆ?"

ಮಾಕ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಊಟ ಆಯ್ತೇನೇ?"

"ಇಲ್ಲ."

"ಮೊದ್ಲು ಉಣ್ಣು. ಅಲ್ಲಿ ಬಾಳ ಹೊತ್ತು ಕೂರಿಸ್ತಾರಂತೆ."

ಇನ್ನೂ ತೊಳೆಯದಿದ್ದ ಪಾತ್ರೆಯ ತಳದಲ್ಲಿ ಉಳಿದಿದ್ದ ಹಳದಿ ಅನ್ನವನ್ನು ಕೆರೆದು, ಬಾಳೆ ಎಲೆಯ ಚೂರಿಗೆ ಹಾಕಿ ಕೊಟ್ಟಳು. ತಿತಿಸ್ ನಲ್ಲಿಯ ಕಟ್ಟೆಯ ಮೇಲೆ ಕೂತು ತಿನ್ನತೊಡಗಿದಳು. ಅಷ್ಟರಲ್ಲಿ ಹಿಂದಿನ ಮೆಟ್ಟಿಲಿಂದ ಮತ್ತೆ ಇಬ್ಬರು ಹುಡುಗಿಯರು ಇಳಿದು ಬಂದರು. ಏನು ಬೇಕೆಂದು ಮಾಕ್ ಕೇಳಲಿಲ್ಲ. ಕೈ ಒರೆಸಿಕೊಂಡು ಇನ್ನೆರಡು ಎಲೆ ಹರಿದಳು.